ಹೊರದೇಶದ ಬೀಜ ಟ್ರೇಗೆ ಬೀಳುವ ಮುಂಚೆ: ರೋಗ ಪರೀಕ್ಷೆ ಮಾಡಿಸುವ ಬಗೆ

ಹತ್ತು ಗ್ರಾಂ ಹೈಬ್ರಿಡ್ ಟೊಮೆಟೊ ಬೀಜದ ಪೊಟ್ಟಣವನ್ನು ತಿರುಗಿಸಿ ನೋಡಿ. ಮೊಳಕೆ ಪ್ರಮಾಣ, ಶುದ್ಧತೆ, ಲಾಟ್ ನಂಬರ್ (ಒಟ್ಟಿಗೆ ತಯಾರಾದ ಬೀಜರಾಶಿಯ ಗುರುತು), ಪರೀಕ್ಷೆ ಮಾಡಿದ ದಿನಾಂಕ, ಲೇಪಿಸಿದ ಔಷಧಿ, ವಾಯಿದೆ ಮುಗಿಯುವ ತಿಂಗಳು ಎಲ್ಲವೂ ಅಚ್ಚಾಗಿರುತ್ತವೆ. ಆಮದು ಬೀಜವಾದರೆ ಸಾಮಾನ್ಯವಾಗಿ ಯಾವ ದೇಶದಲ್ಲಿ ಬೆಳೆದದ್ದು ಎಂಬುದೂ ಇರುತ್ತದೆ. ಆ ಬೀಜದ ಸಿಪ್ಪೆಗೆ ಯಾವ ವೈರಸ್ ಅಂಟಿದೆ, ಒಳಗೆ ಯಾವ ದುಂಡಾಣು ಕೂತಿದೆ ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ಅದನ್ನು ತಿಳಿಯಲು ಬೀಜವನ್ನೇ ಪರೀಕ್ಷೆಗೆ ಕೊಡಬೇಕು. ಈ ಪರೀಕ್ಷೆಯನ್ನು ಕಾನೂನು ನಿಮ್ಮ ಮೇಲೆ ಹೊರಿಸಿಲ್ಲ, ನಾವೇ ಮುಂದಾಗಿ ಮಾಡಿಸಿಕೊಳ್ಳಬೇಕು. ಮೈಸೂರು, ಮಂಡ್ಯ ಕಡೆಯ ನರ್ಸರಿಯವರು, ರೈತ ಉತ್ಪಾದಕ ಕಂಪನಿಗಳು, ತರಕಾರಿ ಬೆಳೆಗಾರರು ಇದನ್ನು ಹೇಗೆ ಮಾಡಿಸಬಹುದು ಎಂಬುದನ್ನು ಇಲ್ಲಿ ಹೇಳಿದ್ದೇವೆ.

ಬಂದರಿನ ತಪಾಸಣೆ ಇದ್ದರೂ ಇದೇಕೆ?

ಹೊರದೇಶದ ಬಿತ್ತನೆ ಬೀಜಕ್ಕೆ 2003ರ ಸಸ್ಯ ಸಂಗರೋಧ (ಕ್ವಾರಂಟೈನ್) ಆದೇಶ ಅನ್ವಯಿಸುತ್ತದೆ. ತರಿಸುವವರು ಮೊದಲು ಆಮದು ಪರವಾನಗಿ ಪಡೆಯಬೇಕು, ಕಳಿಸುವ ದೇಶದ ಸರ್ಕಾರ ಸಸ್ಯ ಆರೋಗ್ಯ ಪ್ರಮಾಣಪತ್ರ ಕೊಡಬೇಕು, ಇಲ್ಲಿ ಇಳಿದ ಮೇಲೆ ಸಸ್ಯ ಸಂಗರೋಧ ಅಧಿಕಾರಿಗಳು ತಪಾಸಣೆ ಮಾಡಬೇಕು. ಈ ಜರಡಿ ಬೇಕೇ ಬೇಕು, ಅದು ಬಹಳಷ್ಟನ್ನು ತಡೆಯುತ್ತದೆ. ಆದರೆ ಜರಡಿಗೂ ಕಣ್ಣಿನ ಅಳತೆ ಎಂಬುದೊಂದಿದೆ. ಪ್ರಮಾಣಪತ್ರ ಇಡೀ ರವಾನೆಗೆ ಕೊಟ್ಟದ್ದು, ಅದರಲ್ಲಿ ಹೆಸರಿಸಿದ ರೋಗಗಳಿಗಷ್ಟೇ ಸಂಬಂಧಿಸಿದ್ದು. ನೋಡುವುದು ಮಾದರಿಯನ್ನು, ಎಲ್ಲ ಬೀಜವನ್ನಲ್ಲ.

ಬೀಜದಿಂದ ಬರುವ ರೋಗದಲ್ಲಿ ಸೋಂಕಿತ ಬೀಜಗಳ ಸಂಖ್ಯೆ ತೀರ ಕಡಿಮೆ ಇರುತ್ತದೆ, ಹರಡುವುದು ಮಾತ್ರ ವಿಪರೀತ. ಕೋಸಿನ ಕಪ್ಪು ಕೊಳೆ ರೋಗದಲ್ಲಿ ಹತ್ತು ಸಾವಿರ ಬೀಜಕ್ಕೆ ಮೂರು ಸೋಂಕಿತ ಬೀಜ ಇದ್ದರೂ ಹೊಲವೆಲ್ಲ ಹರಡಲು ಸಾಕು. 2014ರಲ್ಲಿ ಇಸ್ರೇಲ್‌ನಲ್ಲಿ ಮೊದಲು ಕಂಡ ಟೊಮೆಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್ ಕೆಲವೇ ವರ್ಷಗಳಲ್ಲಿ ಹಲವು ಖಂಡಗಳಿಗೆ ಹಬ್ಬಿತು. ಬೀಜದ ವ್ಯಾಪಾರವೇ ಅದರ ಮುಖ್ಯ ದಾರಿ. ಸೂರ್ಯಕಾಂತಿಯ ಬೂಜು ತುಪ್ಪಟ ರೋಗ ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡದ್ದು 1980ರ ದಶಕದಲ್ಲಿ, ಮರಾಠವಾಡದಲ್ಲಿ. ಒಮ್ಮೆ ಬಂದದ್ದು ಮಣ್ಣಲ್ಲೇ ಉಳಿಯಿತು.

ಮೊದಲು ಒಂದು ಲೆಕ್ಕ

ಈ ಲೆಕ್ಕ ಗೊತ್ತಿಲ್ಲದಿದ್ದರೆ ಪರೀಕ್ಷೆಗೆ ಕೊಟ್ಟ ದುಡ್ಡು ದಂಡ. ಎಷ್ಟು ಬೀಜ ಪರೀಕ್ಷೆ ಮಾಡಿದರು ಎಂಬ ಸಂಖ್ಯೆಯಿಂದ 3ನ್ನು ಭಾಗಿಸಿ. ಪರೀಕ್ಷೆಯಲ್ಲಿ ಒಂದೂ ಸೋಂಕಿತ ಬೀಜ ಸಿಗದಿದ್ದರೆ, ಲಾಟ್‌ನಲ್ಲಿ ಸೋಂಕು ಆ ಪ್ರಮಾಣಕ್ಕಿಂತ ಕಡಿಮೆ ಇದೆ ಎಂದು ನೂರಕ್ಕೆ 95ರಷ್ಟು ಭರವಸೆಯಿಂದ ಹೇಳಬಹುದು. 400 ಬೀಜ ನೋಡಿ ಏನೂ ಸಿಗದಿದ್ದರೆ ಸೋಂಕು ಶೇ. 0.75ಕ್ಕಿಂತ ಕಡಿಮೆ. 3,000 ಬೀಜ ನೋಡಿದ್ದರೆ ಶೇ. 0.1ಕ್ಕಿಂತ ಕಡಿಮೆ. 30,000 ನೋಡಿದ್ದರೆ ಶೇ. 0.01ಕ್ಕಿಂತ ಕಡಿಮೆ.

ಹಾಗಾಗಿ ಒಂದೊಂದು ರೋಗಕ್ಕೂ ಒಂದೊಂದು ಸಂಖ್ಯೆ ರೂಢಿಯಲ್ಲಿದೆ. ಟೊಮೆಟೊ, ದಪ್ಪ ಮೆಣಸಿನಕಾಯಿಯಲ್ಲಿ ರುಗೋಸ್ ವೈರಸ್ ನೋಡಲು ಕನಿಷ್ಠ 3,000 ಬೀಜ. ಟೊಮೆಟೊದ ದುಂಡಾಣು ಕ್ಯಾಂಕರ್ ರೋಗಕ್ಕೆ 10,000. ಕೋಸಿನ ಕಪ್ಪು ಕೊಳೆಗೆ 30,000. ಕಲ್ಲಂಗಡಿಯ ದುಂಡಾಣು ಹಣ್ಣು ಮಚ್ಚೆ ರೋಗಕ್ಕೆ 10,000ದಿಂದ 30,000. ಭತ್ತ, ರಾಗಿಯಂಥ ಬೆಳೆಗಳಲ್ಲಿ ಒದ್ದೆ ಒತ್ತುಕಾಗದದ ಮೇಲೆ ಬೀಜವಿಟ್ಟು ಶಿಲೀಂಧ್ರ ನೋಡುವ ಬ್ಲಾಟರ್ ಪರೀಕ್ಷೆಗೆ 400 ಬೀಜ.

ಕಷ್ಟ ಇರುವುದೇ ಇಲ್ಲಿ. ಹತ್ತು ಗ್ರಾಂ ಟೊಮೆಟೊ ಪೊಟ್ಟಣದಲ್ಲಿ ಇರುವುದೇ ಸುಮಾರು 3,000 ಬೀಜ. ಒಬ್ಬ ರೈತ ತನ್ನ ಪೊಟ್ಟಣವನ್ನೆಲ್ಲ ಪರೀಕ್ಷೆಗೆ ಕೊಟ್ಟರೆ ನಾಟಿಗೆ ಏನು ಉಳಿಯಿತು? ಆದ್ದರಿಂದ ಈ ಪರೀಕ್ಷೆ ಪೊಟ್ಟಣದ ಲೆಕ್ಕದಲ್ಲಲ್ಲ, ಲಾಟ್ ಲೆಕ್ಕದಲ್ಲಿ ನಡೆಯಬೇಕು. ಒಂದೇ ಲಾಟ್ ನಂಬರ್‌ನ ಬೀಜ ಪಾಂಡವಪುರದ ಒಂದು ನರ್ಸರಿಗೂ ಟಿ. ನರಸೀಪುರದ ಇನ್ನೊಂದು ನರ್ಸರಿಗೂ ಬಂದಿದ್ದರೆ ಇಬ್ಬರೂ ಸೇರಿ ಒಂದೇ ಪರೀಕ್ಷೆ ಮಾಡಿಸಿದರೆ ಸಾಕು. ರೈತ ಉತ್ಪಾದಕ ಕಂಪನಿ ಈ ಕೆಲಸ ವಹಿಸಿಕೊಂಡರೆ ಇನ್ನೂ ಸಲೀಸು.

ಕೊಳ್ಳುವಾಗ

ಬಿಲ್ ಇಲ್ಲದೆ ಕೊಳ್ಳಬೇಡಿ. ಬಿಲ್ಲಿನಲ್ಲಿ ತಳಿಯ ಹೆಸರಷ್ಟೇ ಇದ್ದರೆ ಸಾಲದು, ಲಾಟ್ ನಂಬರ್ ಬರೆಸಿ. ಕಂಪನಿಗಳು ತಮ್ಮ ಮಟ್ಟದಲ್ಲಿ ಲಾಟ್ ಪರೀಕ್ಷೆ ಮಾಡಿಸಿರುವುದುಂಟು. ಕೇಳಿದರೆ ವರದಿ ಸಿಗುವ ಸಾಧ್ಯತೆ ಇದೆ, ಕೇಳದೆ ಯಾರೂ ತಂದುಕೊಡುವುದಿಲ್ಲ. ಸಸಿ ಕೊಳ್ಳುವ ರೈತರೂ ಕೇಳಬೇಕು: "ಅಣ್ಣ, ಈ ಲಾಟಿಂದು ರಿಪೋರ್ಟ್ ಐತಾ? ವಸಿ ತೋರ್ಸಿ." ಹತ್ತು ಜನ ಹೀಗೆ ಕೇಳಿದರೆ ಮುಂದಿನ ಹಂಗಾಮಿಗೆ ನರ್ಸರಿಯವರೇ ವರದಿಯನ್ನು ಗೋಡೆಗೆ ಅಂಟಿಸುತ್ತಾರೆ.

ಆನ್‌ಲೈನ್‌ನಲ್ಲಿ ಹೊರದೇಶದಿಂದ ನೇರ ತರಿಸುವ ಬಣ್ಣಬಣ್ಣದ ಟೊಮೆಟೊ, ಮೆಣಸಿನಕಾಯಿ, ಹೂವಿನ ಬೀಜದ ಪೊಟ್ಟಣಗಳ ವಿಷಯ ಬೇರೆ. ಪರವಾನಗಿ, ಪ್ರಮಾಣಪತ್ರ ಇಲ್ಲದೆ ಅಂಚೆಯಲ್ಲಾಗಲಿ, ವಿಮಾನದ ಲಗೇಜಿನಲ್ಲಾಗಲಿ ಬಿತ್ತನೆ ಬೀಜ ತರುವಂತಿಲ್ಲ. ಮಗ ಅಮೆರಿಕದಿಂದ ಅಪ್ಪನಿಗೆಂದು ಪ್ರೀತಿಯಿಂದ ತಂದ ನಾಲ್ಕು ಕಾಳಿಗೂ ಇದೇ ನಿಯಮ. 2020ರಲ್ಲಿ ಯಾರೂ ಕೇಳದ ಬೀಜದ ಪೊಟ್ಟಣಗಳು ಹಲವು ದೇಶಗಳ ಮನೆಬಾಗಿಲಿಗೆ ಅಂಚೆಯಲ್ಲಿ ಬಂದಾಗ ನಮ್ಮ ಕೇಂದ್ರ ಕೃಷಿ ಸಚಿವಾಲಯವೂ ಆಗಸ್ಟ್‌ನಲ್ಲಿ ರಾಜ್ಯಗಳನ್ನು ಎಚ್ಚರಿಸಿತ್ತು. ಅಂಥದ್ದು ಬಂದರೆ ಒಡೆಯಬೇಡಿ, ಬಿತ್ತಬೇಡಿ, ಕುತೂಹಲಕ್ಕೆ ಕುಂಡದಲ್ಲೂ ಹಾಕಬೇಡಿ. ಹೊದಿಕೆ ಸಮೇತ ಕೃಷಿ ಇಲಾಖೆಗೆ ಒಪ್ಪಿಸಿ.

ಮಾದರಿ ತೆಗೆಯುವುದು

ಅರ್ಧ ಪರೀಕ್ಷೆ ಕೆಡುವುದು ಇಲ್ಲೇ. ಡಬ್ಬದ ಮೇಲಿನ ಒಂದು ಹಿಡಿ ತೆಗೆದು ಕಳಿಸಿದರೆ ಅದು ಲಾಟ್‌ನ ಮಾದರಿಯಲ್ಲ, ಡಬ್ಬದ ಬಾಯಿಯ ಮಾದರಿ. ಸಾಗಣೆಯ ಅಲುಗಾಟಕ್ಕೆ ಹಗುರ ಬೀಜ ಮೇಲೆ ಬರುತ್ತದೆ, ಭಾರದ್ದು ಕೆಳಗಿಳಿಯುತ್ತದೆ.

ಮೂಟೆಗಳಲ್ಲಿ ಬಂದ ಬೀಜಕ್ಕೆ ಹೀಗೆ ಮಾಡಿ. ನಾಲ್ಕು ಚೀಲದವರೆಗೆ ಇದ್ದರೆ ಪ್ರತಿ ಚೀಲದ ಮೇಲೆ, ನಡುವೆ, ತಳದಲ್ಲಿ ಹೀಗೆ ಮೂರು ಕಡೆ ತೆಗೆಯಿರಿ. ಐದರಿಂದ ಎಂಟು ಚೀಲಕ್ಕೆ ಪ್ರತಿ ಚೀಲದಲ್ಲಿ ಎರಡು ಕಡೆ, ಒಂಬತ್ತರಿಂದ ಹದಿನೈದಕ್ಕೆ ಪ್ರತಿ ಚೀಲದಲ್ಲಿ ಒಂದು ಕಡೆ. ಚೀಲಕ್ಕೆ ಚುಚ್ಚಿ ತೆಗೆಯುವ ಕೊಳವೆ ಇದ್ದರೆ ಒಳ್ಳೆಯದು. ಸಣ್ಣ ಪೊಟ್ಟಣಗಳಾದರೆ ಒಂದೇ ಲಾಟ್‌ನ ಹಲವು ಪೊಟ್ಟಣಗಳಿಂದ ಸಮಸಮವಾಗಿ ತೆಗೆಯಿರಿ.

ತೆಗೆದದ್ದನ್ನೆಲ್ಲ ಹೊಸ ಕಾಗದದ ಮೇಲೆ ಸುರಿದು ಚೆನ್ನಾಗಿ ಬೆರೆಸಿ, ದುಂಡಗೆ ಹರಡಿ, ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದು ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ಲಾಟ್‌ಗೆ ಮರಳಿಸಿ. ಬೇಕಾದ ಪ್ರಮಾಣಕ್ಕೆ ಬರುವವರೆಗೂ ಹೀಗೇ ಮಾಡಿ. ಮೂರು ಸಾವಿರ ಬೀಜ ಎಣಿಸುತ್ತ ಕೂರುವುದು ಬೇಡ. ನೂರು ಬೀಜ ಎಣಿಸಿ ಚಿನ್ನದಂಗಡಿಯಲ್ಲಿರುವಂಥ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಮೂವತ್ತರಿಂದ ಗುಣಿಸಿ, ಮೇಲೆ ಸ್ವಲ್ಪ ಹೆಚ್ಚೇ ಹಾಕಿ.

ಒಂದು ಲಾಟ್ ಮುಗಿದ ಮೇಲೆ ಕೈಗವಸು ಬದಲಿಸಿ, ಕಾಗದ ಬಿಸಾಡಿ, ಕೊಳವೆ, ಬಟ್ಟಲು ತೊಳೆದು ಒಣಗಿಸಿ. ರೋಗಾಣುವಿನ ವಂಶವಾಹಿಯನ್ನು ಹುಡುಕುವ ಈಗಿನ ಪಿಸಿಆರ್ ಪರೀಕ್ಷೆ ಎಷ್ಟು ಸೂಕ್ಷ್ಮವೆಂದರೆ ಹಿಂದಿನ ಲಾಟ್‌ನ ಧೂಳು ಸಾಕು, ಒಳ್ಳೆಯ ಲಾಟ್‌ಗೂ ಕೆಟ್ಟ ಹೆಸರು ಬರಲು.

ಪ್ರತಿ ಲಾಟ್‌ನಿಂದ ಎರಡು ಮಾದರಿ ಮಾಡಿ. ಒಂದು ಪ್ರಯೋಗಾಲಯಕ್ಕೆ, ಇನ್ನೊಂದು ನಿಮ್ಮಲ್ಲೇ ಇರಲಿ. ಎರಡನ್ನೂ ಕಾಗದದ ಅಥವಾ ಬಟ್ಟೆಯ ಚೀಲದಲ್ಲಿ ಹಾಕಿ, ಬೆಳೆ, ತಳಿ, ಲಾಟ್ ನಂಬರ್, ಬೆಳೆದ ದೇಶ, ಮಾದರಿ ತೆಗೆದ ದಿನ, ಲೇಪಿಸಿದ ಔಷಧಿ ಬರೆದು ಮೊಹರು ಮಾಡಿ. ಔಷಧಿಯ ಹೆಸರು ಬರೆಯುವುದನ್ನು ಬಹಳ ಜನ ಮರೆಯುತ್ತಾರೆ. ಥೈರಂ ಲೇಪಿಸಿದ ಕೆಂಪು ಬೀಜವನ್ನು ಬ್ಲಾಟರ್‌ನಲ್ಲಿಟ್ಟರೆ ಔಷಧಿಯ ಪ್ರಭಾವಕ್ಕೆ ಶಿಲೀಂಧ್ರ ಮೇಲೇಳುವುದಿಲ್ಲ. ವರದಿ ಶುದ್ಧವಾಗಿ ಬರುತ್ತದೆ, ರೋಗ ಹೊಲದಲ್ಲಿ ಏಳುತ್ತದೆ. ನೀವೇ ಬೀಜೋಪಚಾರ ಮಾಡುವುದಿದ್ದರೆ ಮಾದರಿ ತೆಗೆದ ನಂತರ ಮಾಡಿ.

ಎಲ್ಲಿ ಕೊಡುವುದು, ಏನೆಂದು ಕೇಳುವುದು

ಬೀಜ ಪರೀಕ್ಷಾ ಪ್ರಯೋಗಾಲಯ ಎಂಬ ಬೋರ್ಡು ಕಂಡ ಕಡೆಯೆಲ್ಲ ರೋಗ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ನೋಡುವುದು ಮೊಳಕೆ, ಶುದ್ಧತೆ, ತೇವಾಂಶ. ನೂರಕ್ಕೆ 95 ಮೊಳೆತ ಬೀಜವೂ ವೈರಸ್ ಹೊತ್ತಿರಬಹುದು. ನೀವು ಕೇಳಬೇಕಾದದ್ದು ಬೀಜ ಆರೋಗ್ಯ ಪರೀಕ್ಷೆ.

ಈ ವಿಷಯದಲ್ಲಿ ಮೈಸೂರು ಅದೃಷ್ಟವಂತ ಊರು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಬೀಜ ರೋಗಶಾಸ್ತ್ರದ ಅಧ್ಯಯನಕ್ಕೆ ದಶಕಗಳ ಇತಿಹಾಸವಿದೆ. ಡೆನ್ಮಾರ್ಕ್‌ನ ಬೀಜ ರೋಗಶಾಸ್ತ್ರ ಸಂಸ್ಥೆಯ ಒಡನಾಟದಲ್ಲಿ ಬೆಳೆದ ವಿದ್ಯೆ ಅದು. ಮಂಡ್ಯದವರಿಗೆ ವಿ.ಸಿ. ಫಾರಂನ ಕೃಷಿ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಹತ್ತಿರ. ನಂಜನಗೂಡು ಕಡೆಯವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವಿದೆ. ತರಕಾರಿ ವೈರಸ್‌ಗಳ ವಿಷಯಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯನ್ನು, ಉಳಿದದ್ದಕ್ಕೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯನ್ನು ವಿಚಾರಿಸಬಹುದು. ಮಾದರಿ ಹಿಡಿದು ಹೊರಡುವ ಮುಂಚೆ ಫೋನ್ ಮಾಡಿ ಮೂರು ವಿಷಯ ಕೇಳಿ: ಈ ರೋಗಕ್ಕೆ ಪರೀಕ್ಷೆ ಮಾಡುತ್ತೀರಾ, ಎಷ್ಟು ಬೀಜ ಬೇಕು, ವರದಿ ಎಷ್ಟು ದಿನಕ್ಕೆ ಸಿಗುತ್ತದೆ.

ಅರ್ಜಿಯಲ್ಲಿ "ರೋಗ ಇದೆಯಾ ನೋಡಿ" ಎಂದು ಬರೆದರೆ ಪ್ರಯೋಗಾಲಯದವರು ಕೈಚೆಲ್ಲುತ್ತಾರೆ. ಒಂದೊಂದು ರೋಗಾಣುವಿಗೂ ಬೇರೆ ಬೇರೆ ವಿಧಾನ. ಟೊಮೆಟೊ, ದಪ್ಪ ಮೆಣಸಿನಕಾಯಿಗೆ ರುಗೋಸ್ ವೈರಸ್ ಮತ್ತು ದುಂಡಾಣು ಚುಕ್ಕೆ ರೋಗ, ಟೊಮೆಟೊಗೆ ಜೊತೆಗೆ ಕ್ಯಾಂಕರ್ ರೋಗ. ಸೌತೆ, ಕಲ್ಲಂಗಡಿ, ಕರಬೂಜಕ್ಕೆ ಹಸಿರು ಮಚ್ಚೆ ಮೊಸಾಯಿಕ್ ವೈರಸ್, ಹಣ್ಣು ಮಚ್ಚೆ ರೋಗ. ಕೋಸು, ಹೂಕೋಸಿಗೆ ಕಪ್ಪು ಕೊಳೆ. ಹುರುಳಿಕಾಯಿಗೆ ಮೊಸಾಯಿಕ್ ವೈರಸ್. ಎಲ್ಲಕ್ಕೂ ದುಡ್ಡು ಸಾಲದಿದ್ದರೆ ಬೆಳೆಗೊಂದರಂತೆ ಆರಿಸಿಕೊಳ್ಳಿ. ಟೊಮೆಟೊದಲ್ಲಿ ನಮ್ಮ ಮೊದಲ ಆಯ್ಕೆ ರುಗೋಸ್ ವೈರಸ್.

ವರದಿ ಬರುವಷ್ಟರಲ್ಲಿ: ನಾಲ್ಕು ಟ್ರೇ

ವರದಿ ಬರುವವರೆಗೆ ಅದೇ ಲಾಟ್‌ನ ಸ್ವಲ್ಪ ಬೀಜ ಬೆಳೆಸಿ ರೋಗ ಕಾಣುತ್ತದೆಯೇ ಎಂದು ನೀವೇ ನೋಡಬಹುದು. 98 ಗುಣಿಯ ಪ್ರೋಟ್ರೇ ನಾಲ್ಕು ತೆಗೆದುಕೊಂಡರೆ 392 ಸಸಿ, ಹತ್ತಿರಹತ್ತಿರ ನಾನೂರು. ಹೊಸ ಟ್ರೇ, ಹೊಸ ಕೋಕೋಪೀಟ್ ಬಳಸಿ. ಉಳಿದ ಸಸಿಗಳಿಂದ ದೂರ, ಬೇರೆ ನೆರಳುಬಲೆಯಡಿ, ಬೇರೆ ಕ್ಯಾನಿನಿಂದ ನೀರು. ಪ್ರತಿದಿನ ಮಿಕ್ಕೆಲ್ಲ ಕೆಲಸ ಮುಗಿದ ಮೇಲೆ ಕೊನೆಯಲ್ಲಿ ಅಲ್ಲಿಗೆ ಹೋಗಿ.

ಕಲ್ಲಂಗಡಿ, ಸೌತೆಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಮೊಳೆತ ಮೇಲೆ ಬಿದಿರು ದಬ್ಬೆ ಬಗ್ಗಿಸಿ ಪಾಲಿಥೀನ್ ಹೊದಿಸಿ, ಒಳಗೆ ಬೆವರುವಷ್ಟು ತೇವ ಇರಲಿ, ಬಿಸಿ 25ರಿಂದ 30 ಡಿಗ್ರಿ ಇರಲಿ. ಹತ್ತನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಬೀಜದೆಲೆಗಳನ್ನು ಒಂದೊಂದಾಗಿ ನೋಡಿ. ಮೇಲ್ಭಾಗ ನೋಡಿ ಎದ್ದು ಹೋಗಬೇಡಿ. ಎಲೆಯನ್ನು ಬೆರಳ ತುದಿಯಿಂದ ಎತ್ತಿ ಅಡಿಭಾಗವನ್ನು ಬೆಳಕಿಗೆ ಹಿಡಿಯಿರಿ. ಹಣ್ಣು ಮಚ್ಚೆ ರೋಗದ ಗುರುತು ಮೊದಲು ಅಲ್ಲೇ ಕಾಣುವುದು: ಎಣ್ಣೆ ಹೀರಿದ ಕಾಗದದ ಹಾಗೆ ನೀರು ತುಂಬಿದ ಕಲೆ. ನಾಲ್ಕಾರು ದಿನಕ್ಕೆ ಅದು ನರದ ಗುಂಟ ಕಂದಾಗಿ, ಸುತ್ತ ಹಳದಿ ಕಟ್ಟುತ್ತದೆ. ಬಿಸಿಲಿಗೆ ಸುಟ್ಟ ಕಲೆಯಾದರೆ ಒಣಗಿ ಬೆಳ್ಳಗಿರುತ್ತದೆ, ಎಣ್ಣೆಯ ಮಿರುಗು ಇರುವುದಿಲ್ಲ. ಅನುಮಾನ ಬಂದ ಸಸಿ ಕೀಳದೆ ಇಡೀ ಟ್ರೇಯ ಫೋಟೊ ತೆಗೆದು ತಜ್ಞರಿಗೆ ತೋರಿಸಿ.

ಟೊಮೆಟೊ ವೈರಸ್‌ಗೆ ನಾಲ್ಕು ಟ್ರೇ ನೆಚ್ಚಿಕೊಳ್ಳಬೇಡಿ. ರುಗೋಸ್ ವೈರಸ್ ಹೆಚ್ಚಾಗಿ ಬೀಜದ ಸಿಪ್ಪೆಯ ಮೇಲೆ ಇರುತ್ತದೆ, ಸಸಿಗೆ ದಾಟುವುದು ವಿರಳ, ದಾಟಿದರೂ ಲಕ್ಷಣ ತಡವಾಗಿ ಕಾಣುತ್ತದೆ. ಅಲ್ಲಿ ಬೀಜದ ಪರೀಕ್ಷೆಯೇ ಗತಿ. ಬೀಜ ಕೊಡಲು ಆಗದಷ್ಟು ಕಡಿಮೆ ಇದ್ದರೆ ಮೂರ್ನಾಲ್ಕು ಎಲೆ ಬಂದ ಸಸಿಗಳಿಂದ ಎಳೆ ಎಲೆಯ ಚೂರು ಒಟ್ಟು ಮಾಡಿ, ಒದ್ದೆ ಮಾಡದೆ ಕಾಗದದಲ್ಲಿ ಸುತ್ತಿ, ತಣ್ಣಗಿಟ್ಟು ಮರುದಿನದೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ.

ಕೈಯಿಂದ ಕೈಗೆ

ರುಗೋಸ್ ವೈರಸ್ ಹೊಗೆಸೊಪ್ಪಿನ ಮೊಸಾಯಿಕ್ ವೈರಸ್‌ನ ಬಳಗದ್ದು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಮಡಿಯಲ್ಲಿ ಕೆಲಸ ಮಾಡಿದ ಕೈಯೇ ಮಧ್ಯಾಹ್ನ ಟೊಮೆಟೊ ಟ್ರೇ ಮುಟ್ಟುವುದುಂಟು. ಈ ಬಳಗದ ವೈರಸ್‌ಗಳಿಗೆ ಹೇನು, ನುಸಿ, ಬಿಳಿನೊಣದ ಹಂಗಿಲ್ಲ. ಎಲೆಯ ಸಣ್ಣ ರೋಮ ಮುರಿದರೂ ಒಳಗೆ ಹೋಗುತ್ತವೆ. ಬೀಡಿ ಸೇದಿದ ಕೈಗೂ ಹೊಗೆಸೊಪ್ಪಿನ ವೈರಸ್ ಅಂಟಿರಬಹುದು.

ಹಾಗಾಗಿ ಟ್ರೇ ಕೆಲಸಕ್ಕೆ ಕೂರುವ ಮುಂಚೆ ಸೋಪಿನಲ್ಲಿ ಕೈ ತೊಳೆದು, ಕೊಬ್ಬು ತೆಗೆದ ಹಾಲಿನ ಪುಡಿಯ ದ್ರಾವಣದಲ್ಲಿ ಅದ್ದಬೇಕು. ಲೀಟರ್ ನೀರಿಗೆ 200 ಗ್ರಾಂ ಪುಡಿ. ಹಾಲಿನ ಪ್ರೋಟೀನ್ ವೈರಸ್ ಕಣವನ್ನು ಸುತ್ತಿಕೊಂಡು ಸಸಿಗೆ ಅಂಟದಂತೆ ಮಾಡುತ್ತದೆ. ಟ್ರೇಯಿಂದ ಟ್ರೇಗೆ ಹೋಗುವಾಗ ಮತ್ತೆ ಅದ್ದಿ. ದ್ರಾವಣವನ್ನು ಆಗಿಂದಾಗ್ಗೆ ಹೊಸದಾಗಿ ಕಲಸಿಕೊಳ್ಳಿ.

ವರದಿ ಓದುವುದು

"ಕಂಡುಬಂದಿಲ್ಲ" ಎಂದರೆ ಪರೀಕ್ಷೆ ಮಾಡಿದ ಬೀಜದಲ್ಲಿ ಕಂಡುಬಂದಿಲ್ಲ ಎಂದಷ್ಟೇ ಅರ್ಥ. ಪಕ್ಕದಲ್ಲಿ ಎಷ್ಟು ಬೀಜ ಎಂದು ನೋಡಿ. ಟೊಮೆಟೊ ವೈರಸ್ ವರದಿಯಲ್ಲಿ 200 ಬೀಜ ಎಂದಿದ್ದರೆ ಆ ಕಾಗದಕ್ಕೆ ಬೆಲೆ ಕಡಿಮೆ. ಲಾಟ್ ನಂಬರ್ ನಿಮ್ಮ ಬಿಲ್ಲಿನದೇ ಎಂದು ಅಕ್ಷರ ಅಕ್ಷರ ಹೋಲಿಸಿ.

"ಕಂಡುಬಂದಿದೆ" ಎಂದು ಬಂದರೆ ಯಾವ ವಿಧಾನ ಎಂದು ಕೇಳಿ. ಎಲೈಸಾ (ರೋಗಾಣುವಿನ ಪ್ರೋಟೀನ್ ಗುರುತಿಸುವ ಪರೀಕ್ಷೆ) ಮತ್ತು ಪಿಸಿಆರ್ ಸತ್ತ ರೋಗಾಣುವನ್ನೂ ಹಿಡಿಯುತ್ತವೆ, ಉಪಚಾರ ಆದ ಬೀಜದಲ್ಲಿ ಇದು ಸಾಮಾನ್ಯ. ಟೊಮೆಟೊ ವೈರಸ್‌ಗೆ ಜೀವ ಇದೆಯೋ ಇಲ್ಲವೋ ತಿಳಿಯಲು ಪ್ರಯೋಗಾಲಯದವರು ಬೀಜದ ರಸವನ್ನು ಹೊಗೆಸೊಪ್ಪಿನ ಜಾತಿಯ ಸೂಚಕ ಗಿಡದ ಎಲೆಗೆ ಉಜ್ಜಿ ಕಲೆ ಏಳುವುದೇ ಎಂದು ಕಾಯುತ್ತಾರೆ. ಆ ಫಲಿತಾಂಶ ಬರುವವರೆಗೆ ಬೀಜ ಕಪಾಟಿನಲ್ಲೇ ಇರಲಿ.

ರೋಗಾಣು ಇದೆ ಎಂದು ಖಚಿತವಾದರೆ

ಬಿತ್ತಬೇಡಿ, ಮಾರಬೇಡಿ, ಅರ್ಧ ಬೆಲೆಗೆ ಪಕ್ಕದೂರಿನವರಿಗೆ ಕೊಡಬೇಡಿ. ಉಳಿದ ಬೀಜ, ಪ್ರಯೋಗದ ಟ್ರೇ ಎಲ್ಲ ಒಂದೇ ಕಡೆ ಮುಚ್ಚಿಡಿ. ಬೀಜ ಕೊಟ್ಟವರಿಗೆ ಲಾಟ್ ನಂಬರ್, ವರದಿಯ ಪ್ರತಿ ಸಮೇತ ಲಿಖಿತವಾಗಿ ತಿಳಿಸಿ. ಅದೇ ದಿನ ತೋಟಗಾರಿಕೆ ಇಲಾಖೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೂ ತಿಳಿಸಿ. ಅದೇ ಲಾಟ್ ಬೇರೆ ಊರಿನಲ್ಲೂ ಟ್ರೇಗೆ ಬಿದ್ದಿರುತ್ತದೆ, ಅವರಿಗೆ ಸುದ್ದಿ ಮುಟ್ಟುವುದು ನಿಮ್ಮಿಂದಲೇ. ನಾಶ ಮಾಡುವುದು ಹೇಗೆಂದು ಅಧಿಕಾರಿಗಳು ಹೇಳಿದ ಮೇಲೆ ಅದರಂತೆ ಮಾಡಿ. ತಿಪ್ಪೆಗೆ ಹಾಕಬೇಡಿ, ನಾಲೆಗೆ ಎಸೆಯಬೇಡಿ. ವಿ.ಸಿ. ನಾಲೆಯ ನೀರು ಎಷ್ಟು ಊರಿನ ಗದ್ದೆ ಹೊಗುತ್ತದೆ ಎಂಬುದು ನಿಮಗೇ ಗೊತ್ತು. ಔಷಧಿ ಲೇಪಿಸಿದ ಬೀಜವನ್ನು ಕೋಳಿಗೂ ಹಾಕಬೇಡಿ.

ವರದಿ ಚೆನ್ನಾಗಿ ಬಂದರೂ ಬೀಜೋಪಚಾರ

ಇದು ಲೇಪನವಿಲ್ಲದ ಬೀಜಕ್ಕೆ ಮಾತ್ರ. ಗುಳಿಗೆ ಕಟ್ಟಿದ ಅಥವಾ ಕಂಪನಿ ಮೊದಲೇ ಉಪಚರಿಸಿದ ಬೀಜವನ್ನು ನೀರಿಗೆ ಹಾಕಿದರೆ ಲೇಪನವೂ ಹೋಯಿತು, ಬೀಜವೂ ಹೋಯಿತು.

ದುಂಡಾಣುಗಳಿಗೆ ಬಿಸಿನೀರು. ಬೀಜವನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, 37 ಡಿಗ್ರಿ ನೀರಿನಲ್ಲಿ 10 ನಿಮಿಷ ನೆನೆಸಿ. ಆಮೇಲೆ ಟೊಮೆಟೊ ಮತ್ತು ಕೋಸನ್ನು 50 ಡಿಗ್ರಿಯಲ್ಲಿ 25 ನಿಮಿಷ, ಹೂಕೋಸನ್ನು 50 ಡಿಗ್ರಿಯಲ್ಲಿ 20 ನಿಮಿಷ ಇಡಿ. ತಕ್ಷಣ ತಣ್ಣೀರಿಗೆ ಅದ್ದಿ, ನೆರಳಲ್ಲಿ ಹರಡಿ. ಪಾತ್ರೆಯನ್ನು ಒಲೆಯ ಮೇಲೇ ಇಟ್ಟು ಮಾಡುವವರದ್ದು ಸಾಮಾನ್ಯವಾಗಿ ಕೆಡುತ್ತದೆ, ತಳದಲ್ಲಿ 55 ಡಿಗ್ರಿ, ಮೇಲೆ 48. ಪಾತ್ರೆ ಕೆಳಗಿಳಿಸಿ, ಥರ್ಮಾಮೀಟರ್ ನೀರಲ್ಲೇ ಇಟ್ಟು, ಕಲಕುತ್ತ, ಬೇಕಾದಾಗ ಬಿಸಿನೀರು ಬೆರೆಸಿ. ಬಿಸಿ ಏರಿದರೆ ಮೊಳಕೆಗೆ ಪೆಟ್ಟು, ಇಳಿದರೆ ದುಂಡಾಣು ಉಳಿಯಬಹುದು. ಹಳೆಯ ಬೀಜ ಈ ಬಿಸಿ ತಡೆಯುವುದಿಲ್ಲ. ಮೊದಲು 50 ಬೀಜಕ್ಕೆ ಮಾಡಿ ಮೊಳಕೆ ನೋಡಿಕೊಂಡು ಮುಂದುವರಿಯಿರಿ. ಕಲ್ಲಂಗಡಿ, ಸೌತೆಗೆ ಬಿಸಿನೀರು ಬೇಡ.

ಟೊಮೆಟೊ ಬೀಜದ ಸಿಪ್ಪೆಗೆ ಅಂಟಿದ ವೈರಸ್‌ಗೆ ಟ್ರೈಸೋಡಿಯಂ ಫಾಸ್ಫೇಟ್: ಲೀಟರ್ ನೀರಿಗೆ 100 ಗ್ರಾಂ, 3 ಗಂಟೆ ನೆನೆಸಿ, ಹರಿಯುವ ನೀರಿನಲ್ಲಿ ಜಾರುವಿಕೆ ಹೋಗುವವರೆಗೂ ತೊಳೆದು ಒಣಗಿಸಿ. ಕೈಗವಸು ಹಾಕಿಕೊಳ್ಳಿ, ಚರ್ಮ ಸುಡುತ್ತದೆ. ರೋಗಾಣು ಖಚಿತವಾದ ಲಾಟನ್ನು ಇದರಿಂದ ಶುದ್ಧ ಮಾಡಿಕೊಂಡು ಬಿತ್ತುತ್ತೇವೆ ಎಂದು ಹೊರಡಬೇಡಿ, ಸಿಪ್ಪೆಯ ಒಳಗಿನದ್ದನ್ನು ಅದು ಮುಟ್ಟುವುದಿಲ್ಲ.

ನರ್ಸರಿಯ ಪುಸ್ತಕದಲ್ಲಿ ಪ್ರತಿ ಲಾಟ್‌ಗೆ ಒಂದು ಪುಟ ತೆರೆಯಿರಿ: ಲಾಟ್ ನಂಬರ್, ಬಿಲ್ ನಂಬರ್, ವರದಿಯ ಫಲಿತಾಂಶ, ಪರೀಕ್ಷಿಸಿದ ಬೀಜದ ಸಂಖ್ಯೆ, ಯಾವ ಟ್ರೇಗೆ ಹೋಯಿತು, ಆ ಸಸಿ ಯಾವ ಊರಿನ ಯಾರ ಹೊಲಕ್ಕೆ ಹೋಯಿತು. ಮೊಹರು ಮಾಡಿದ ಎರಡನೇ ಮಾದರಿಯನ್ನು ತಣ್ಣನೆಯ ಒಣ ಜಾಗದಲ್ಲಿಟ್ಟು, ಆ ಬೆಳೆಯ ಕೊನೆಯ ಕೊಯ್ಲು ಮುಗಿಯುವವರೆಗೆ ತೆಗೆಯಬೇಡಿ.